ಒಂದೂ ಮುಕ್ಕಾಲು

ಉತ್ತರಪತ್ರಿಕೆಯ ಕಟ್ಟು ಬಿಚ್ಚಿದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯುತ್ತದೆ. ಅರಗು, ಗೋಣಿದಾರ, ಮಕ್ಕಳ ಕೈಬೆವರು ಹೀರಿದ ಕಾಗದ, ಮೂರೂ ಕೂಡಿದ ವಾಸನೆ. ನಾನು ಗಣಿತದ ಟೀಚರ್. ಇಪ್ಪತ್ತೆರಡು ವರ್ಷ, ಏಪ್ರಿಲ್ ಬಂತೆಂದರೆ ಹತ್ತನೆಯ ತರಗತಿಯ ಪತ್ರಿಕೆ ತಿದ್ದಲು ಧಾರವಾಡದ ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ ಕೂತವಳು. ಹೋದ ವರ್ಷ ಒಂದು ಏಪ್ರಿಲ್ ತಪ್ಪಿತು. ಈ ವರ್ಷ ಮತ್ತೆ ಹೋದೆ. ಮೊದಲ ದಿನ ಕಟ್ಟು ಬಿಚ್ಚಿ ಕೂತಿದ್ದಾಗ ಹಿಂದಿನ ಬೆಂಚಿನಿಂದ ಪಿಸುಮಾತು ಕೇಳಿತು.

“ಪಾಪ, ಅಕ್ಕೋರಿಗೆ ಈಗ ಒಂದ ಕಿಡ್ನಿ ಅಂತ.”

ಪಾಪ ಎನ್ನುವ ಶಬ್ದ ಕೇಳಿದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಅದರ ಮೇಲೆ ಲೆಕ್ಕವೂ ತಪ್ಪು. ಗಣಿತದ ಮಾಸ್ತರ ಬಾಯಲ್ಲಿ ತಪ್ಪು ಲೆಕ್ಕ! ತಿರುಗಿ ಏನಾದರೂ ಅನ್ನಬೇಕೆಂದಿದ್ದೆ. ಅಷ್ಟರಲ್ಲೇ ಆ ಅರಗಿನ ವಾಸನೆ ನನ್ನನ್ನು ಹೋದ ವರ್ಷಕ್ಕೆ ಎಳೆದುಕೊಂಡು ಹೋಗಿತ್ತು.

ಹೋದ ವರ್ಷ ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದ ದಿನಗಳು. ನವನಗರದ ಮನೆಯಿಂದ ಎರಡು ಬಸ್ಸು ಬದಲಿಸಿ ಶಿರಗುಪ್ಪಿಯ ಶಾಲೆಗೆ ಹೋಗಿ, ಹತ್ತನೆಯವರಿಗೆ ಕೊನೆಯ ಸುತ್ತಿನ ಪಾಠ ತಿರುವಿಹಾಕುತ್ತಿದ್ದೆ. ಊಟವಾದ ಮೇಲೆ ಹೊಟ್ಟೆಯಲ್ಲಿ ಚಳುಕು ಬರತೊಡಗಿತು. ಪಿತ್ತ ಇರಬೇಕು ಎಂದು ನಮ್ಮ ಓಣಿಯ ಡಾಕ್ಟರು ಸ್ಕ್ಯಾನಿಂಗಿಗೆ ಕಳಿಸಿದರು. ಪಿತ್ತಕೋಶ ಚೊಕ್ಕಟವಾಗಿತ್ತು. ಎಡಗಡೆಯ ಮೂತ್ರಪಿಂಡದಲ್ಲಿ ಒಂದು ಗಡ್ಡೆ ಕೂತಿತ್ತು. ಕರೆಯದೆ ಬಂದ ಬೀಗರ ಹಾಗೆ, ಒಂದು ಮಾತಿಲ್ಲದೆ, ಒಂದು ನೋವು ಕೊಡದೆ, ಎಷ್ಟು ದಿನದಿಂದ ಉಂಡುಕೊಂಡು ಕೂತಿತ್ತೋ. ಚಳುಕಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆ ಚಳುಕು ಒಂದು ಮಾತ್ರೆಗೆ ಹೋಯಿತು.

ಮುಂದೆ ಸಿಟಿ ಸ್ಕ್ಯಾನ್ ಆಯಿತು. ಅದನ್ನು ಹಿಡಿದು ಹುಬ್ಬಳ್ಳಿಯ ಒಬ್ಬ ಸರ್ಜನ್ ಹತ್ತಿರ ಹೋದೆವು, ನಾನು ಮತ್ತು ನಮ್ಮ ಯಜಮಾನರು. ಯಜಮಾನರಿಗೆ ಹುಬ್ಬಳ್ಳಿಯ ಪೇಟೆಯಲ್ಲಿ ಬಳೆ ಅಂಗಡಿ. ಯಾವ ಕೈಗೆ ಯಾವ ಅಳತೆ ಎಂದು ನೋಡಿದ ಕೂಡಲೇ ಹೇಳುವ ಮನುಷ್ಯ, ಆ ದಿನ ತನ್ನ ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ, ಮೇಜಿನ ಮೇಲೆ, ಮತ್ತೆ ತೊಡೆಯ ಮೇಲೆ ಇಡುತ್ತಿದ್ದರು. ಸರ್ಜನ್ ಇನ್ನೂ ಎಳೆಯ ಪ್ರಾಯದವರು. ಮಾತು ಚುಟುಕು, ಸ್ವಭಾವ ಒಳ್ಳೆಯದು.

“ಮೇಡಂ, ಕ್ಯಾನ್ಸರ್ ಇರೂ ಸಾಧ್ಯತಾ ಜಾಸ್ತಿ ಅದ. ಆದ್ರ ಲಗೂ ಸಿಕ್ಕದ, ಹೊರಗ ಎಲ್ಲೂ ಹಬ್ಬಿಲ್ಲ. ಎಡಗಡೆ ಕಿಡ್ನಿ ಪೂರ್ತಿ ತಗದ್ರ ಕೆಲಸ ಮುಗೀತು. ಇನ್ನೊಂದು ಇದ್ದ ಇರ್ತದಲ್ಲ.”

“ಗಡ್ಡಿ ಅಷ್ಟ ತಗ್ಯಾಕ ಬರೂದಿಲ್ಲೇನ್ರಿ?”

“ಎಲ್ಲಾರಿಗೂ ಬರೂದಿಲ್ಲ. ಅದಕ್ಕೊಂದು ಸ್ಕೋರ್ ಅದ. ನಿಮ್ಮ ಗಡ್ಡಿಗೆ ಹನ್ನೆರಡಕ್ಕ ಹತ್ತು ಬಂದದ.”

ಸ್ಕೋರ್ ಎಂದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಅಂಕವೆಂದರೆ ನನ್ನ ಓಣಿ.

“ಯಾವ ಪ್ರಶ್ನಿಗೆ ಎಷ್ಟು ಕೊಟ್ಟೀರಿ?” ಎಂದೆ.

ಅವರು ನಕ್ಕು, ಚೀಟಿಯ ಬೆನ್ನಿಗೆ ಬರೆದು ತೋರಿಸಿದರು. ನಾಲ್ಕು ಪ್ರಶ್ನೆ. ಪ್ರತಿಯೊಂದಕ್ಕೂ ಒಂದರಿಂದ ಮೂರು ಅಂಕ. ಗಡ್ಡೆ ಎಷ್ಟು ದೊಡ್ಡದು. ಹೊರಗೆ ಉಬ್ಬಿದೆಯೋ ಒಳಗೆ ಹುದುಗಿದೆಯೋ. ಒಳಗಡೆ ಮೂತ್ರ ಕೂಡುವ ಜಾಗಕ್ಕೆ ಎಷ್ಟು ಸಮೀಪ. ತುದಿಯಲ್ಲಿದೆಯೋ ನಟ್ಟನಡುವೆ ಇದೆಯೋ. ಮುಂದಿದೆಯೋ ಹಿಂದಿದೆಯೋ ಎನ್ನುವುದಕ್ಕೆ ಒಂದು ಅಕ್ಷರ ಬರೆಯುತ್ತಾರೆ, ಅದಕ್ಕೆ ಅಂಕವಿಲ್ಲ. ಒಟ್ಟು ಆರರವರೆಗೆ ಬಂದರೆ ಗಡ್ಡೆಯನ್ನಷ್ಟೇ ತೆಗೆಯುವುದು ಸಸಾರ, ಒಂಬತ್ತರವರೆಗೆ ಮಧ್ಯಮ, ಹತ್ತರಿಂದ ಮೇಲೆ ಬಲು ತ್ರಾಸು. ಅಂದರೆ ಈ ಪರೀಕ್ಷೆಯಲ್ಲಿ ಅಂಕ ಹೆಚ್ಚಿದಷ್ಟೂ ಕೆಟ್ಟದ್ದು. ಇಂಥ ಪರೀಕ್ಷೆಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಚೀಟಿಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡೆ.

ಮನೆಯಲ್ಲಿ ನಮ್ಮ ಅತ್ತೆ ಬಾಗಿಲಲ್ಲೇ ಕೂತಿದ್ದರು. ಎಂಬತ್ತು ದಾಟಿದ ಜೀವ, ಕಿವಿ ಸ್ವಲ್ಪ ಮಂದ. ಏನಾಯಿತೆಂದು ಕೇಳಿದಾಗ ಮಗನಿಗೆ ಬೇರೆ ಮಾತು ಹೊಳೆಯದೆ, “ಹನ್ನೆರಡಕ್ಕ ಹತ್ತು ಬಂದೈತೆವ್ವ” ಎಂದುಬಿಟ್ಟರು. ಅತ್ತೆ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಹೊರಗೆ ಬಂದಾಗ ಮುಷ್ಟಿಯಲ್ಲಿ ಸಕ್ಕರೆ.

“ನನ್ನ ಸೊಸಿ ಎಂದಾದ್ರೂ ಕಡಿಮಿ ತಗೊಂಡಾಳೇನು? ಬಾಯಿ ತಗಿ!”

ಬಾಯಿ ತೆರೆದೆ. ಏನು ಮಾಡಲಿ? ಸಕ್ಕರೆ ನಾಲಿಗೆಯ ಮೇಲೆ ಕರಗುವವರೆಗೆ ಯಜಮಾನರು ಕಿಟಕಿಯ ಕಡೆ ನೋಡುತ್ತ ನಿಂತಿದ್ದರು. ನನಗೆ ಅಳುವೂ ಬಂತು, ನಗುವೂ ಬಂತು, ನಗುವೇ ಗೆದ್ದಿತು. ನಿಜ ಸಂಗತಿಯನ್ನು ಆಮೇಲೆ ಬಿಡಿಸಿ ಹೇಳಿದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಂದೇ ಮಾತು ಅಂದರು: “ನೆಗಡಿ ಬಂತಂತ ಮೂಗ ಕೊಯ್ಕೋತಾರೇನವಾ?”

ಆ ಸಂಜೆ ಚೀಟಿಯನ್ನೂ ರಿಪೋರ್ಟುಗಳನ್ನೂ ಊಟದ ಮೇಜಿನ ಮೇಲೆ ಹರವಿ ಕೂತೆ. ಕೇಂದ್ರದಲ್ಲಿ ನನ್ನ ಕೆಲಸವೇ ಅದು: ಹೊಸ ಮಾಸ್ತರರು ತಿದ್ದಿದ ಪತ್ರಿಕೆಯನ್ನು ಮತ್ತೆ ನೋಡುವುದು, ಮರು ಎಣಿಕೆ ಮಾಡುವುದು. ಎರಡು, ಎರಡು, ಮೂರು, ಮೂರು. ಕೂಡಿದರೆ ಹತ್ತು, ಸರಿ. ಆದರೆ ಮೊದಲ ಪ್ರಶ್ನೆಗೆ ಎರಡು ಹೇಗೆ ಬಂತು? ನಾಲ್ಕು ಸೆಂಟಿಮೀಟರಿನವರೆಗೆ ಒಂದೇ ಅಂಕ ಎಂದು ಅವರೇ ಬರೆದಿದ್ದಾರೆ. ಮೊದಲು ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಗಡ್ಡೆ ನಾಲ್ಕು ಪಾಯಿಂಟ್ ಎರಡು ಇತ್ತು. ಕರಾರುವಾಕ್ಕಾಗಿ ಅಳೆಯುವ ಸಿಟಿ ಸ್ಕ್ಯಾನಿನಲ್ಲಿ ಮೂರು ಪಾಯಿಂಟ್ ಎಂಟು. ಡಾಕ್ಟರು ಹಳೆಯ ಉತ್ತರಕ್ಕೆ ಅಂಕ ಕೊಟ್ಟಿದ್ದರು! ಚೀಲದಲ್ಲಿದ್ದ ಕೆಂಪು ಪೆನ್ನು ತೆಗೆದು ಎರಡನ್ನು ಹೊಡೆದು ಒಂದು ಮಾಡಿದೆ. ಹತ್ತನ್ನು ಹೊಡೆದು ಒಂಬತ್ತು ಬರೆದು, ಸುತ್ತ ಒಂದು ವರ್ತುಲ ಎಳೆದು, ಪಕ್ಕದಲ್ಲಿ ರೂಢಿಯಂತೆ ಚಿಕ್ಕ ಸಹಿಯನ್ನೂ ಹಾಕಿದೆ.

ಮರುದಿನ ಅದನ್ನು ಒಯ್ದು ಮುಂದಿಟ್ಟಾಗ ಡಾಕ್ಟರು ಎರಡೂ ರಿಪೋರ್ಟು ನೋಡಿ ಒಪ್ಪಿಕೊಂಡರು. “ಖರೇ ಅದ ಮೇಡಂ, ತಪ್ಪಾಗೇದ. ಆದ್ರ ಒಂದು ಮಾರ್ಕಿಗೆ ಏನಾಗ್ತದ?”

ಇಡೀ ಹುಬ್ಬಳ್ಳಿಯಲ್ಲಿ ಆ ಮಾತನ್ನು ಆಡಬಾರದವಳ ಮುಂದೆ ಆಡಿದ್ದರು. ಮೂವತ್ತನಾಲ್ಕು ಬಂದು ಸಾಲೆ ಬಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ. ಒಂದು ಅಂಕ ಕಡಿಮೆಯಾಯಿತೆಂದು ಆ ಮೇ ತಿಂಗಳಲ್ಲೇ ಬಾಸಿಂಗ ಕಟ್ಟಿಸಿಕೊಂಡವರನ್ನು ಕಂಡಿದ್ದೇನೆ.

“ಒಂದು ಮಾರ್ಕಿಗೆ ಏನೇನ ಆಕ್ಕೈತಿ ಅಂತ ನಮ್ಮ ಸಾಲಿಗೆ ಬರ್ರಿ, ತೋರಸ್ತೇನಿ. ಒಂಬತ್ತಾದ್ರ ಮಧ್ಯಮ ಅಂತ ಬರದವ್ರು ನೀವ ಅಲ್ಲೇನ್ರಿ?” ದನಿ ಏರಿತ್ತು. ಬಾಗಿಲ ಹೊರಗಿನ ಪೇಷಂಟುಗಳು ಇಣುಕಿದರು.

ಡಾಕ್ಟರು ಸಿಟ್ಟಾಗಲಿಲ್ಲ. ಪೆನ್ನು ಕೆಳಗಿಟ್ಟು, ದನಿ ತಗ್ಗಿಸಿ ಅಂದರು: “ಮೇಡಂ, ಖರೇ ಹೇಳ್ತೀನಿ. ಒಂಬತ್ತಾದ್ರೂ ನಾ ಪೂರ್ತಿನ ತಗೀತೀನಿ. ಇಂಥಾದ್ದು ಉಳಸೂ ಕೈ ನನಗ ಇನ್ನೂ ಬಂದಿಲ್ಲ. ಧಾರವಾಡದಾಗ ನಮಗ ಕಲಿಸಿದ ಮೇಡಂ ಇದ್ದಾರ. ಚೀಟಿ ಬರದ ಕೊಡ್ತೀನಿ, ಒಮ್ಮೆ ತೋರಸ್ರಿ.”

ನನ್ನ ಸಿಟ್ಟು ಅಲ್ಲಿಯೇ ಇಳಿದುಬಿಟ್ಟಿತು. ತನಗೆ ಬಾರದ ಲೆಕ್ಕವನ್ನು ಬಾರದು ಎಂದು ಹೇಳುವ ಮಾಸ್ತರರನ್ನೇ ನಾನು ಹೆಚ್ಚು ಕಂಡಿಲ್ಲ.

ಧಾರವಾಡದ ಡಾಕ್ಟರಮ್ಮನಿಗೆ ಐವತ್ತರ ಆಸುಪಾಸು. ಕೆಂಪು ಶಾಯಿಯ ಚೀಟಿ ನೋಡಿ ಮೊದಲು ಚೆನ್ನಾಗಿ ನಕ್ಕರು. ಆಮೇಲೆ ಸ್ಕ್ಯಾನನ್ನು ಕಂಪ್ಯೂಟರಿಗೆ ಹಾಕಿ, ಪದರ ಪದರವಾಗಿ ಮೇಲೆ ಕೆಳಗೆ ಸರಿಸುತ್ತ ಬಹಳ ಹೊತ್ತು ನೋಡಿದರು.

“ಅಕ್ಕೋರ, ಮರು ಎಣಿಕಿ ಬರೋಬರಿ ಮಾಡೀರಿ. ಈಗ ನಾ ಮರು ಮೌಲ್ಯಮಾಪನ ಮಾಡಲೇನು? ಇಲ್ಲೆ ನೋಡ್ರಿ, ಎರಡನೇ ಪ್ರಶ್ನಿ. ಗಡ್ಡಿ ಹೊರಗ ಒಂಚೂರೂ ಕಾಣೂದಿಲ್ಲ, ಪೂರ್ತಿ ಒಳಗ ಹುದುಗೇದ. ಇದಕ್ಕ ಎರಡಲ್ಲ, ಮೂರು. ಒಟ್ಟು ಎಷ್ಟಾತು?”

“ಹತ್ತು,” ಎಂದೆ.

ಮರು ಮೌಲ್ಯಮಾಪನಕ್ಕೆ ಹಾಕಿದರೆ ಕೈಗೆ ಬಂದದ್ದೂ ಹೋಗಬಹುದು ಎಂದು ನಾನೇ ಎಷ್ಟು ತಂದೆತಾಯಿಗಳಿಗೆ ಎಚ್ಚರಿಸಿದ್ದೇನೆ. ಈಗ ನನ್ನದೇ ಹೋಗಿತ್ತು. ಪಕ್ಕದಲ್ಲಿ ಯಜಮಾನರು ನಿಟ್ಟುಸಿರು ಬಿಟ್ಟರು. ಅದರಲ್ಲಿ ಸ್ವಲ್ಪ ನಿರಾಳವೂ ಇತ್ತೆಂದು ನನಗೆ ಗೊತ್ತು. ಪೂರ್ತಿ ತೆಗೆಸಿ ಮುಗಿಸಿಬಿಡೋಣ ಎನ್ನುವುದು ಅವರ ಮನಸ್ಸು.

“ಆದ್ರ ಇದು ಗಡ್ಡಿಗೆ ಕೊಟ್ಟ ಮಾರ್ಕು, ನಿಮಗ ಕೊಟ್ಟದ್ದಲ್ಲ,” ಎಂದರು ಡಾಕ್ಟರಮ್ಮ. “ಆಪರೇಶನ್ ಎಷ್ಟು ತ್ರಾಸು ಅಂತ ನನಗ ಹೇಳ್ತದ ಅಷ್ಟ. ಮಾಡಬೇಕೋ ಬ್ಯಾಡೋ ಅಂತ ಹೇಳೂದಿಲ್ಲ. ಭಾಳ ಮುಖ್ಯ ಪ್ರಶ್ನಿ ಈ ನಾಲ್ಕರಾಗ ಇಲ್ಲೇ ಇಲ್ಲ. ನಿಮ್ಮ ಬಲಗಡೆ ಕಿಡ್ನಿ ಎಷ್ಟು ಕೆಲಸ ಮಾಡ್ತದ?”

ಅದು ಸ್ಕ್ಯಾನಿನಲ್ಲಿ ಸ್ವಲ್ಪ ಚಿಕ್ಕದಾಗಿ ಕಂಡಿತಂತೆ. ರಕ್ತದ ರಿಪೋರ್ಟು ಚೆನ್ನಾಗಿದ್ದದ್ದರಿಂದ ಯಾರೂ ಅದರ ಗೋಜಿಗೆ ಹೋಗಿರಲಿಲ್ಲ. ಯಾವ ಕಿಡ್ನಿ ಎಷ್ಟು ದುಡಿಯುತ್ತದೆ ಎಂದು ಅಳೆಯುವ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ನೂರಕ್ಕೆ ಎಪ್ಪತ್ತು ಕೆಲಸ ಎಡಗಡೆಯದು, ಆ ಗಡ್ಡೆ ಹೊತ್ತದ್ದು. ಬಲಗಡೆಯದು ಮೂವತ್ತು. ಮನೆಯಲ್ಲಿ ಒಬ್ಬಳು ದುಡಿಯುವುದು, ಇನ್ನೊಬ್ಬಳು ಕೂತು ಉಣ್ಣುವುದು ಎಷ್ಟು ವರ್ಷದಿಂದ ನಡೆದಿತ್ತೋ.

“ಮೂವತ್ತಂದ್ರ ನಪಾಸ್ ರಿ,” ಎಂದೆ. “ನಮ್ಮ ಕಡೆ ಮೂವತ್ತೈದಕ್ಕ ಪಾಸು.”

“ಅದನ್ನ ಹೇಳ್ಲಿಕತ್ತೀನಿ. ಎಡಗಡೆ ಪೂರ್ತಿ ತಗದ್ರ ಮುಂದ ಬಲಗಡೆದು ಕೈ ಕೊಡಬಹುದು, ಡಯಾಲಿಸಿಸ್ ತನಕಾ ಹೋಗಬಹುದು. ಉಳಸಲಿಕ್ಕೆ ನೋಡೂಣ. ಆದ್ರ ಹತ್ತು ಅಂದ್ರ ಹತ್ತ. ರಕ್ತ ಜಾಸ್ತಿ ಹೋಗಬಹುದು. ಹೊಲಿಗಿ ಹಾಕಿದಲ್ಲೆ ಮೂತ್ರ ಸೋರಬಹುದು. ಒಳಗ ಹೋದ ಮ್ಯಾಲೆ ಆಗೂದಿಲ್ಲ ಅನಸಿದ್ರ ಪೂರ್ತಿ ತಗೀಬೇಕಾಗ್ತದ. ವಿಚಾರ ಮಾಡ್ರಿ.”

ಆಸ್ಪತ್ರೆಯಿಂದ ಹೊರಟವರು ಮನೆಗೆ ಹೋಗಲು ಮನಸ್ಸಾಗದೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಕೂತೆವು. ಬೇಸಿಗೆಗೆ ನೀರು ಹಿಂದೆ ಸರಿದು ಅಂಚಿನ ಕೆಸರು ಬಿರಿದಿತ್ತು. ಯಜಮಾನರು ಒಂದು ಕಡ್ಡಿಯಿಂದ ನೆಲ ಕೆದರುತ್ತಿದ್ದರು.

“ಹಟಾ ಬಿಡು. ಒಡದ ಬಳಿ ಯಾರರೆ ಬೆಸೀತಾರೇನು? ಪೂರ್ತಿ ತಗಸು, ಜೀವ ಉಳದ್ರ ಸಾಕು.”

“ನನ್ನ ಕಿಡ್ನಿ ಗಾಜಿಂದಲ್ಲರಿ.”

“ಮುಂದ ಬಲಗಡೆದು ಕೆಟ್ರ ನಂದೊಂದು ಕೊಡ್ತೇನಿ. ಆತೇನು?”

ಮದುವೆಯಾಗಿ ಮೂವತ್ತು ವರ್ಷದಲ್ಲಿ ಆ ಮನುಷ್ಯ ನನಗೆ ಒಂದು ಹೂವು ತಂದವರಲ್ಲ, ಮಾರಾಟವಾಗದೆ ಉಳಿದ ಬಳೆಗಳನ್ನು ತಂದುಕೊಟ್ಟವರು. ಕೆರೆ ದಂಡೆಯಲ್ಲಿ ಕೂತು ಕಿಡ್ನಿ ಕೊಡುತ್ತೇನೆ ಅನ್ನುತ್ತಿದ್ದರು. ಆದರೂ ನಾನು ಹಟ ಬಿಡಲಿಲ್ಲ.

“ನಿಮ್ಮದು ನಿಮ್ಮಲ್ಲೇ ಇರ್ಲಿ. ನೀವೂ ಡಾಕ್ಟರೂ ಎಲ್ಲಾರೂ ಒಂದು ಇಲ್ಲಾ ಎರಡು ಅಂತೀರಿ. ನಡುವ ಏನೂ ಇಲ್ಲೇನು? ಭಿನ್ನರಾಶಿ ಕಲಿಸಿ ಕಲಿಸಿ ನನ್ನ ಕೂದಲ ಬೆಳ್ಳಗಾಗ್ಯಾವ. ನನಗ ಪೂರ್ಣಾಂಕ ಬ್ಯಾಡ. ಎಷ್ಟ ಉಳಿತೈತಿ ಅಷ್ಟ ಬೇಕು. ಕಾಲಭಾಗ ಉಳದ್ರೂ ಅದು ನಂದು.”

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಹೆದರಿದ್ದೆ. ಆದರೆ ಕಷ್ಟದ ಲೆಕ್ಕವೆಂದು ಬಿಟ್ಟು ಬಂದ ಮಕ್ಕಳಿಗೆ ಇಷ್ಟು ವರ್ಷ ಬೈದವಳು ನಾನು. ಪೂರ್ತಿ ಉತ್ತರ ಬರದಿದ್ದರೂ ಹಂತಗಳನ್ನು ಬರೆಯಿರಿ, ಹಂತಕ್ಕೂ ಅಂಕವಿದೆ ಎಂದು ಹೇಳಿಕೊಟ್ಟವಳು ನಾನು. ನನ್ನ ಸರದಿ ಬಂದಾಗ ಹಾಳೆ ಖಾಲಿ ಬಿಟ್ಟು ಏಳಲು ನಾಚಿಕೆಯಾಯಿತು.

ಏಪ್ರಿಲ್ ನಡುವಿಗೆ ಆಪರೇಶನ್ ನಿಶ್ಚಯವಾಯಿತು. ಕೇಂದ್ರದಲ್ಲಿ ಗಣಿತದ ಕಟ್ಟು ಬಿಚ್ಚುವ ವಾರವೇ ಅದು. ಒಪ್ಪಿಗೆ ಪತ್ರ ಹಿಡಿದುಕೊಂಡು ನರ್ಸ್ ಬಂದಳು. “ಗಡ್ಡೆಯನ್ನಷ್ಟೇ ತೆಗೆಯುವುದು, ಅನಿವಾರ್ಯವಾದರೆ ಪೂರ್ತಿ” ಎಂದು ಬರೆದಿತ್ತು. ಚೀಲದಲ್ಲಿ ಕೈಗೆ ಸಿಕ್ಕ ಪೆನ್ನಿನಿಂದ ಸಹಿ ಮಾಡಿದೆ.

“ಅಯ್ಯ, ಕೆಂಪ ಪೆನ್ನಿಲೆ ಸಹಿ ನಡಿಯಂಗಿಲ್ಲರಿ ಅಕ್ಕೋರ!”

“ಇಷ್ಟ ವರ್ಷ ಕೆಂಪ ಪೆನ್ನಿಲೇ ನಡದೈತಿ ನನ್ನ ಸಹಿ,” ಎಂದೆ. ಹುಡುಗಿ ಕೇಳಲಿಲ್ಲ, ತನ್ನ ನೀಲಿ ಪೆನ್ನು ಕೊಟ್ಟು ಮತ್ತೊಂದು ಹಾಳೆ ತಂದಳು. ಅನಿವಾರ್ಯವಾದರೆ ಎನ್ನುವ ಶಬ್ದದ ಕೆಳಗೆ ನಾನು ಎರಡು ಗೆರೆ ಎಳೆದೆ. ಅದಕ್ಕೆ ಅವಳು ಬೇಡ ಅನ್ನಲಿಲ್ಲ.

ಒಳಗೆ ಒಯ್ಯುವ ಮುನ್ನ ಡಾಕ್ಟರಮ್ಮ ಬಂದು ಕೈ ಹಿಡಿದು ಹೇಳಿದರು. ಕಿಡ್ನಿಗೆ ಹೋಗುವ ರಕ್ತವನ್ನು ಚಿಮಟ ಹಾಕಿ ನಿಲ್ಲಿಸುತ್ತಾರೆ, ಸುತ್ತ ಐಸ್ ತುಂಬುತ್ತಾರೆ, ಅರ್ಧ ತಾಸಿನ ಆಸುಪಾಸಿನಲ್ಲಿ ಗಡ್ಡೆ ತೆಗೆದು ಹೊಲಿದು ಮುಗಿಸಬೇಕು. “ಅರ್ಧ ತಾಸಿನ ಪೇಪರ್ ನಂದು,” ಎಂದು ನಕ್ಕರು. “ಮೊದಲ ಎಲ್ಲಾ ಪ್ರಶ್ನಿ ಒಮ್ಮೆ ಓದಕೊಳ್ರಿ, ಆಮ್ಯಾಲೆ ಬರೀರಿ,” ಎಂದೆ ನಾನು. ಅಷ್ಟೇ ನೆನಪು.

ಆ ಮಧ್ಯಾಹ್ನ ಧಾರವಾಡದಲ್ಲಿ ಆಲಿಕಲ್ಲು ಮಳೆ ಸುರಿಯಿತಂತೆ. ಆಸ್ಪತ್ರೆಯ ತಗಡಿನ ಮಾಡಿನ ಮೇಲೆ ಬಿದ್ದ ಸದ್ದಿಗೆ ಯಜಮಾನರಿಗೆ ಒಳಗಿನಿಂದ ಕರೆದದ್ದೇ ಕೇಳಿಸಲಿಲ್ಲವಂತೆ. ನನಗೆ ಎಚ್ಚರವಾದಾಗ ಮಳೆ ನಿಂತಿತ್ತು. ಬಾಯಿ ಅಂಟಿಕೊಂಡಿತ್ತು. ಪಕ್ಕೆಯಲ್ಲಿ ಬೆಂಕಿ. ಮಂಚದ ಹತ್ತಿರ ಡಾಕ್ಟರಮ್ಮ ನಿಂತಿದ್ದರು.

“ಎಷ್ಟು?” ಎಂದೆ.

“ಮುಕ್ಕಾಲು ಉಳದದ ಅಕ್ಕೋರ.”

ಇಲ್ಲಿಗೆ ಮುಗಿಸಿದರೆ ಚೆಂದದ ಕಥೆಯಾಗುತ್ತಿತ್ತು. ಆದರೆ ಆ ಹತ್ತು ಅಂಕ ಸುಮ್ಮನೆ ಬಂದದ್ದಲ್ಲ. ನಾಲ್ಕನೆಯ ದಿನ ಹೊಲಿಗೆ ಹಾಕಿದಲ್ಲಿ ಮೂತ್ರ ಸೋರತೊಡಗಿತು. ಜ್ವರ ಬಂತು. ಒಳಗೊಂದು ನಳಿಗೆ, ಪಕ್ಕೆಯಿಂದ ಹೊರಗೊಂದು ನಳಿಗೆ, ಅದರ ತುದಿಗೆ ಚೀಲ. ಮೂರು ವಾರ ಆ ಚೀಲದ ಜೊತೆ ಬಾಳಿದೆ. ಯಜಮಾನರು ಅಂಗಡಿ ಬಾಗಿಲು ಹಾಕಿ ಬಂದು, ದಿನಾ ಅದನ್ನು ಅಳೆದು, ಚೆಲ್ಲಿ, ತೊಳೆದರು. ನಾನು ಮೊದಲೇ ಹೇಳಿದ್ದೆನಲ್ಲ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಂದು ಬೆಳಿಗ್ಗೆ ಸೋಲೊಪ್ಪಿ ನಾನೇ ಕೇಳಿದೆ: “ನನ್ನ ಹಟಾ ತಪ್ಪಾತೇನ್ರಿ?” ಅವರು ಚೀಲವನ್ನು ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದರು. “ಸುಮ್ಕಿರು. ನಿನ್ನೆಕ್ಕಿಂತ ಇಪ್ಪತ್ತು ಕಡಿಮಿ ಐತಿ,” ಎಂದರು.

ಗಡ್ಡೆಯ ಪರೀಕ್ಷೆಯ ಫಲಿತಾಂಶವೂ ಬಂತು. ಕ್ಯಾನ್ಸರೇ, ಆದರೆ ಅಂಚುಗಳೆಲ್ಲ ಶುದ್ಧವಾಗಿದ್ದವು. ವರ್ಷಕ್ಕಿಷ್ಟು ಸಲ ಸ್ಕ್ಯಾನ್ ಮಾಡಿಸುತ್ತಿರಬೇಕು, ಮಾಡಿಸುತ್ತೇನೆ. ಮಾವಿನ ಸುಗ್ಗಿಯ ನಡುವೆ ನಳಿಗೆ ತೆಗೆದರು. ಮನೆಗೆ ಬಂದಾಗ ಅತ್ತೆ ಮತ್ತೆ ಬಾಗಿಲಲ್ಲೇ.

“ಈ ಸಲ ಎಷ್ಟ ಬಂತವಾ?”

“ಮುಕ್ಕಾಲು ಬಂತ್ರಿ ಅತ್ತಿ.”

“ಅಷ್ಟ ಏನು?” ಎಂದು ಮುಖ ಸಣ್ಣ ಮಾಡಿದರೂ, ಗೋಡೆ ಹಿಡಿದು ಎದ್ದು ಒಳಗೆ ಹೋಗಿ ಸಕ್ಕರೆ ತಂದರು. ಈ ಸಲ ಬಾಯಿ ತೆರೆಯಲು ನನಗೆ ಯಾರೂ ಹೇಳಬೇಕಾಗಲಿಲ್ಲ.

ಇಷ್ಟೆಲ್ಲ ಒಂದು ವಾಸನೆಗೆ ನೆನಪಾಯಿತು. ಈ ವರ್ಷ ಆ ಪಿಸುಮಾತು ಕೇಳಿದ ದಿನ ಮಧ್ಯಾಹ್ನ ಆ ಮಾತಾಡಿದ ಹಿಂದಿನ ಬೆಂಚಿನ ಹೊಸ ಮಾಸ್ತರರೇ ಒಂದು ಪತ್ರಿಕೆ ತಂದು ಮುಂದಿಟ್ಟರು. ಪುಟದ ಮೂಲೆಯ ಒಂದು ಅಂಕವನ್ನು ಕೂಡಿರಲಿಲ್ಲ. ಮತ್ತೆ ಎಣಿಸಿ ಎಂದೆ.

“ಪಾಸ್ ಆಗ್ಯಾನ್ರಿ ಅಕ್ಕೋರ. ಒಂದ ಮಾರ್ಕಿಗೆ ಏನಾಕ್ಕೈತಿ?”

ನಾನು ಎದ್ದೆ. ಎದ್ದಾಗ ಪಕ್ಕೆಯ ಹೊಲಿಗೆ ಇನ್ನೂ ಸಣ್ಣಗೆ ಎಳೆಯುತ್ತದೆ. ಕರಿಹಲಗೆಯ ಹತ್ತಿರ ಹೋಗಿ, ಸೀಮೆಸುಣ್ಣ ತೆಗೆದುಕೊಂಡು, ಇಡೀ ಕೋಣೆಗೆ ಕಾಣುವ ಹಾಗೆ ದೊಡ್ಡದಾಗಿ ಒಂದು ಬರೆದೆ. ಪಕ್ಕದಲ್ಲಿ ಮೂರು, ಕೆಳಗೆ ಗೆರೆ, ಗೆರೆಯ ಕೆಳಗೆ ನಾಲ್ಕು.

“ಬೆಳಿಗ್ಗೆ ನೀವು ನನಗ ಒಂದ ಕಿಡ್ನಿ ಅಂದ್ರಿ. ಲೆಕ್ಕ ತಪ್ಪೈತಿ. ನನಗ ಇರೂವು ಇಷ್ಟು,” ಎಂದೆ. “ಕೂತು ಮತ್ತ ಎಣಸ್ರಿ.”

ಮಾಸ್ತರರು ಕೂತು ಎಣಿಸಿದರು. ಮರುದಿನ ಬಂದು ನೋಡಿದರೆ ಸಿಪಾಯಿ ಹಲಗೆಯನ್ನು ಚೊಕ್ಕಟವಾಗಿ ಒರೆಸಿದ್ದ. ಚೀಲ ಕೆಳಗಿಟ್ಟು, ಸೀಮೆಸುಣ್ಣ ಹುಡುಕಿ, ಮತ್ತೆ ಬರೆದೆ.